ಎಣಿಕೆಯವ್ವನ ಬಂಡೆ

ಸಂಕನಗಡ್ಡಿ ಕೃಷ್ಣೆಯ ನಡುವೆ ಇರುವ ಒಂದು ನಡುಗಡ್ಡೆ. ಬೇಸಿಗೆಯಲ್ಲಾದರೆ ಮೊಣಕಾಲುದ್ದದ ನೀರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನಡೆದೇ ಬರಬಹುದು. ಹೊಳೆ ಬಂದಾಗ ಹರಿಗೋಲು ಬಿಟ್ಟರೆ ಬೇರೆ ಗತಿಯಿಲ್ಲ. ಸೇತುವೆ ಆಗುತ್ತದೆ ಎಂದು ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷವೇ ಹೇಳಿದ್ದರು. ಈಗ ನನಗೆ ಮರಿಮಕ್ಕಳಾಗಿದ್ದಾರೆ, ಸೇತುವೆ ಮಾತ್ರ ಇನ್ನೂ ಹುಟ್ಟಿಲ್ಲ. ಗಡ್ಡೆಯ ಪಡುವಣ ತುದಿಯಲ್ಲಿ, ಜೋಳದ ಹೊಲಗಳು ಮುಗಿದು ಜಾಲಿ ಮರಗಳು ಶುರುವಾಗುವ ಕಡೆ, ಒಂದು ದೊಡ್ಡ ಬೂದುಗಲ್ಲಿನ ಬಂಡೆ ಇದೆ. ಮೇಲೆ ಚಪ್ಪಟೆ, ಒಂದು ಮನೆಯ ಮಂದಿ ಸುತ್ತ ಕೂತು ಉಣ್ಣುವಷ್ಟು ಜಾಗ. ನೆತ್ತಿಯ ಮೇಲೆ ಬೊಗಸೆಯಷ್ಟು ಆಳದ ಒಂದು ಕುಳಿ ಇದ್ದು, ಅದರಲ್ಲಿ ಯಾವಾಗ ನೋಡಿದರೂ ಹಿಡಿ ಜೋಳ ಇರುತ್ತದೆ. ಗುಬ್ಬಿ ತಿನ್ನುತ್ತವೆ, ಮತ್ತೆ ಯಾರಾದರೂ ಹಾಕುತ್ತಾರೆ. ಗುಡಿ ಇಲ್ಲ, ಮೂರ್ತಿ ಇಲ್ಲ, ಗಂಟೆ ಇಲ್ಲ. ಇದಕ್ಕೆ ಎಣಿಕೆಯವ್ವನ ಬಂಡೆ ಎನ್ನುತ್ತಾರೆ.

ಆ ಹೆಸರು ಏಕೆ ಬಂತು ಎಂದು ಕೇಳುವವರು ಬಹಳ. ಹೇಳುವವರೂ ಬಹಳ, ಅದೇ ನನಗೆ ಸಿಟ್ಟು. ಹೊಳೆಗೆ ಮುದುಕಿಯನ್ನು ಬಲಿ ಕೊಟ್ಟರು ಎಂದು ಒಬ್ಬ ಬರೆದ. ಮುದುಕಿ ಬಂಡೆಯೊಳಗೆ ಐಕ್ಯಳಾದಳು, ಬೆಳಕು ಬಂತು, ಹೂ ಉದುರಿತು ಎಂದು ಇನ್ನೊಬ್ಬ ಹಾಡಿದ. ನಗರದಿಂದ ಬಂದ ಪಂಡಿತರೊಬ್ಬರು ಆ ಕುಳಿಯನ್ನು ಅಳೆದು, ಇದು ಕಲ್ಲಿನ ಆಯುಧದ ಕಾಲದವರು ಕೊರೆದದ್ದು ಎಂದರು. ಕೊರೆದಿರಲಿ ಮಾರಾಯರೆ, ಯಾರು ಬೇಡ ಎಂದರು? ನಾನು ಹೇಳುವುದು ಕುಳಿಯ ಕಥೆಯಲ್ಲ, ಅಲ್ಲಿ ಕೂತವಳ ಕಥೆ. ನನ್ನ ಹೆಸರು ಫಕೀರವ್ವ. ಈ ಊರಿನ ಅಂಗನವಾಡಿಯನ್ನು ಮೊಣಕಾಲು ಸೋಲುವವರೆಗೆ ನಡೆಸಿದವಳು, ಆ ಅವ್ವನ ಮನೆತನಕ್ಕೇ ಸೊಸೆಯಾಗಿ ಬಂದವಳು. ನನಗೆ ಇದನ್ನು ಹೇಳಿದವರು ನಮ್ಮ ಅತ್ತೆ, ಅವರಿಗೆ ಅವರ ಅತ್ತೆ. ಹೀಗೆ ಸೊಸೆಯಂದಿರ ಬಾಯಿಯಲ್ಲೇ ಉಳಿದು ಬಂದ ಮಾತು ಇದು. ಇದರಲ್ಲಿ ಹೂ ಉದುರುವುದಿಲ್ಲ.

ಹಿಂದೆ ಒಮ್ಮೆ, ಯಾವ ದೊರೆಯ ಕಾಲ ಎಂದು ಕೇಳಬೇಡಿ, ದೊರೆಗಳು ಯಾರೂ ಈ ಗಡ್ಡೆಗೆ ಕಾಲಿಟ್ಟವರಲ್ಲ, ಇಲ್ಲಿ ದ್ಯಾವವ್ವ ಎಂಬ ಅಂಬಿಗರ ಹೆಣ್ಣುಮಗಳು ಇದ್ದಳು. ಆಚೆ ದಂಡೆಯಿಂದ ಹರಿಗೋಲಿನಲ್ಲಿ ಅರಿಸಿನದ ಸೀರೆ ಉಟ್ಟು ಬಂದಾಗ ಇನ್ನೂ ದೊಡ್ಡವಳಾಗಿರಲಿಲ್ಲ ಎನ್ನುತ್ತಾರೆ. ಆಗ ಗಡ್ಡೆಯ ಮೇಲೆ ಇದ್ದದ್ದು ಒಂದೇ ಮನೆ. ಅವಳು ಮುದುಕಿಯಾಗುವ ಹೊತ್ತಿಗೆ ಅದೇ ಅಂಗಳದ ಸುತ್ತ ಮಕ್ಕಳ ಮನೆ, ಮೊಮ್ಮಕ್ಕಳ ಮನೆ ಎಂದು ಒಂದು ಓಣಿಯೇ ಎದ್ದಿತ್ತು. ಆದರೂ ಎಲ್ಲವೂ ಸೇರಿ ಒಂದೇ ಮನೆ. ಗಡ್ಡೆಯ ಮೇಲೆ ಹುಟ್ಟಿದ ಕೂಸುಗಳಲ್ಲಿ ಅವಳ ಕೈಗೆ ಬೀಳದೆ ನೆಲಕ್ಕೆ ಬಿದ್ದದ್ದು ಒಂದೂ ಇಲ್ಲ. ಗಂಡನನ್ನು ಹೊಳೆ ಒಯ್ಯಿತು. ಹಿರಿಯ ಮಗನನ್ನೂ ಹೊಳೆಯೇ ಒಯ್ಯಿತು. ಅಷ್ಟಾದರೂ ಬೆಳಿಗ್ಗೆ ಎದ್ದು ಹೊಳೆಗೇ ಕೈ ಮುಗಿದು, ಅದೇ ನೀರಿನಲ್ಲಿ ಮುಖ ತೊಳೆದು, ಅದನ್ನೇ ಬಾಯಿಗೆ ಬಂದಂತೆ ಬೈದು ಬರುವವಳು. ಹುಣಸೆಹುಳಿ ಹಾಕಿದ ಮೀನಿನ ಸಾರು ಎಂದರೆ ಪ್ರಾಣ. ತಂಬಾಕಿನ ಚೀಲ ಸೊಂಟದಲ್ಲಿ ಇಲ್ಲದ ದಿನ ಅವಳ ಹತ್ತಿರ ಹೋಗಲು ನಾಯಿಯೂ ಹೆದರುತ್ತಿತ್ತಂತೆ. ಬೈದರೆ ಇಡೀ ಓಣಿಗೆ ಕೇಳಬೇಕು, ನಕ್ಕರೆ ಆಚೆ ದಂಡೆಗೆ ಕೇಳಬೇಕು. ಮೊಮ್ಮಕ್ಕಳು, ಮರಿಮಕ್ಕಳು, ಸೊಸೆಯಂದಿರು, ಎಲ್ಲರಿಗೂ ಅವಳು ಅವ್ವ. ದ್ಯಾವವ್ವ ಎಂಬ ಹೆಸರು ಅವಳಿಗೇ ಮರೆತುಹೋಗಿತ್ತೇನೋ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸುತ್ತಲೂ ನೀರು, ಮನೆಯ ಗಂಡಸರು ನೀರಿನ ಮೇಲೆ, ಮಕ್ಕಳು ನೀರಿನ ಅಂಚಿನಲ್ಲಿ. ಯಾರು ಬಂದರು, ಯಾರು ಬರಲಿಲ್ಲ ಎಂದು ಗೊತ್ತಾಗುವುದು ಹೇಗೆ? ದಿನಾ ಸಂಜೆ ಸೂರ್ಯ ಮುಳುಗುವುದಕ್ಕೆ ಮೊದಲೇ ದೀಪ ಹಚ್ಚಿ, ಮನೆಯವರೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಮನೆಯ ಹಿರಿಯ ಹೆಣ್ಣು ಬೆರಳು ತೋರಿಸುತ್ತ ಎಣಿಸಬೇಕು. ಒಬ್ಬರು ಕಡಿಮೆ ಬಂದರೆ ಹುಡುಕಲು ಇನ್ನೂ ಬೆಳಕು ಇರಬೇಕಲ್ಲ, ಅದಕ್ಕೇ ಅಷ್ಟು ಬೇಗ. ಎಣಿಕೆ ಸರಿಬರುವವರೆಗೆ ಎಣಿಸುವವಳು ಕೂರುವಂತಿಲ್ಲ, ಯಾರ ತಾಟಿಗೂ ರೊಟ್ಟಿ ಬೀಳುವಂತಿಲ್ಲ. ದ್ಯಾವವ್ವನ ಹಿರಿಯ ಮಗ ಬಾರದ ಸಂಜೆ ಅವಳು ಒಂದೇ ಸಾಲನ್ನು ಮತ್ತೆ ಮತ್ತೆ ಎಣಿಸಿದಳಂತೆ, ತಪ್ಪು ತನ್ನ ಬೆರಳಿನದೇ ಇರಬಹುದು ಎಂದು. ಆಮೇಲೆ ಯಾರಾದರೂ ಸಾಲಿಗೆ ತಡವಾಗಿ ಬಂದರೆ, ಎಷ್ಟು ದೊಡ್ಡ ಗಂಡಸಾದರೂ ಸರಿ, ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. ಗುದ್ದಿ, ಅದೇ ಕೈಯಿಂದ ಬೆನ್ನು ಸವರಿ ಒಳಗೆ ಕಳಿಸುವಳು.

ಆ ಎಣಿಕೆಯಲ್ಲಿ ಅವ್ವ ಸೇರುತ್ತಿರಲಿಲ್ಲ. ಎಣಿಸುವವಳು ತನ್ನನ್ನು ತಾನು ಎಣಿಸಿಕೊಳ್ಳುವುದಿಲ್ಲ, ಸರಿಯೆ. ಆದರೆ ಬೇರೆಯವರೂ ಅವಳನ್ನು ಎಣಿಸಕೂಡದು. ಇದು ದ್ಯಾವವ್ವನೇ ಹಾಕಿದ ಕಟ್ಟಪ್ಪಣೆ. ಅವಳು ಹರೆಯದಲ್ಲಿದ್ದಾಗ ಯಾವುದೋ ದೊರೆಯ ಕಡೆಯವರು ಊರೂರಿನ ತಲೆ ಎಣಿಸುತ್ತ ಬಂದು, ಅವಳ ಅತ್ತೆಯನ್ನು ಬಾಗಿಲಲ್ಲಿ ನಿಲ್ಲಿಸಿ ಬೆರಳು ತೋರಿಸಿ ಎಣಿಸಿಕೊಂಡು ಹೋದರು. ಆ ವಾರವೇ ಅತ್ತೆ ಹೋದಳು. ಜ್ವರ ಬಂದು ಹೋದಳೋ ಎಣಿಸಿದ್ದಕ್ಕೆ ಹೋದಳೋ, ದ್ಯಾವವ್ವನಿಗೆ ಮಾತ್ರ ಸಂಶಯವೇ ಇರಲಿಲ್ಲ. ಹಿರಿಯ ಜೀವವನ್ನು ಎಣಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಮನಸ್ಸಿಗೆ ಹಚ್ಚಿಕೊಂಡಳು. ಹಿರಿತನ ಅವಳ ಪಾಲಿಗೆ ಬಂದ ದಿನವೇ ಎಲ್ಲರನ್ನೂ ಕೂರಿಸಿ ಹೇಳಿದಳು: “ನನ್ನ ಯಾರೂ ಎಣಸಬ್ಯಾಡ್ರಿ. ಉಣ್ಣಾಕ ಕುಂತಾಗ ಬ್ಯಾಡ, ಹರಿಗೋಲು ಹತ್ತಿದಾಗ ಬ್ಯಾಡ. ನಾ ಇನ್ನೂ ಭಾಳ ದಿನ ಬದುಕಬೇಕು.” ಇದನ್ನು ಹೇಳುವಾಗ ನಮ್ಮ ಅತ್ತೆ ನಗುತ್ತಿದ್ದರು, ನನಗೂ ನಗು ಬರುತ್ತಿತ್ತು. ಸಾವು ಎಂದರೆ ಅವ್ವನಿಗೆ ಅಷ್ಟು ಹೆದರಿಕೆ, ಬದುಕು ಎಂದರೆ ಅಷ್ಟು ಆಸೆ. ಅದರಲ್ಲಿ ತಪ್ಪೇನಿದೆ? ಅಂತೂ ಮನೆಯವರೆಲ್ಲ ಆ ಅಪ್ಪಣೆಯನ್ನು ಎಷ್ಟು ಪಾಲಿಸಿದರೆಂದರೆ, ಅವಳನ್ನು ಬಿಟ್ಟು ಎಣಿಸುವುದು ಅವರಿಗೆ ಉಸಿರಾಡಿದಷ್ಟು ಸಹಜವಾಯಿತು.

ಆ ಶ್ರಾವಣದಲ್ಲಿ ಗಡ್ಡೆಯ ಮೇಲೆ ಬಿಸಿಲು ಕಾಯುತ್ತಿತ್ತು. ನಮ್ಮ ಕೃಷ್ಣೆಯ ಗುಣವೇ ಹಾಗೆ. ಮಳೆ ಎಲ್ಲೋ ಪಡುವಣ ಘಟ್ಟದಲ್ಲಿ ಬೀಳುತ್ತದೆ, ನೀರು ಇಲ್ಲಿ ಬರುತ್ತದೆ. ನೆತ್ತಿಯ ಮೇಲೆ ಒಂದು ಮೋಡವೂ ಇಲ್ಲದಿರುವಾಗ ಹೊಳೆಯ ಬಣ್ಣ ತಿರುಗಿತು. ಮೊದಲು ಕಸಕಡ್ಡಿ ಬಂತು, ಆಮೇಲೆ ಬೇರು ಸಮೇತ ಮರಗಳು, ಆಮೇಲೆ ಯಾರದೋ ಮನೆಯ ತೊಲೆ, ಕಟ್ಟಿದ ಹಗ್ಗದ ಸಮೇತ ಒಂದು ಎಮ್ಮೆ. ಅವ್ವ ಅಂಗಳದಲ್ಲಿ ನಿಂತು ನೋಡಿದಳು. ಆ ದಿನ ಅವಳು ಹೊಳೆಯನ್ನು ಬೈಯಲಿಲ್ಲ. “ಹೊಂಡ್ರಿ,” ಎಂದಳು, ಅಷ್ಟೆ. ಅದನ್ನು ಕೇಳಿಯೇ ಎಲ್ಲರೂ ಹರಿಗೋಲಿನ ಕಡೆ ಓಡಿದರು.

ಮನೆಯಲ್ಲಿ ಇದ್ದದ್ದು ಎರಡೇ ಹರಿಗೋಲು. ಬಿದಿರಿನ ಬುಟ್ಟಿಗೆ ಎಮ್ಮೆಯ ತೊಗಲು ಹೊಲಿದ ದುಂಡನೆಯ ಹರಿಗೋಲುಗಳು. ಒಂದಕ್ಕೆ ಹುಟ್ಟು ಹಾಕಿದವನು ಹಿರಿಯ ಮೊಮ್ಮಗ ಹುಲಿಗೆಪ್ಪ, ಹೊಳೆಗೆ ಹೋದ ಮಗನ ಮಗ. ಅವನನ್ನು ಅವ್ವನೇ ಎತ್ತಿ ಆಡಿಸಿ ಸಾಕಿದ್ದಳು. ಇನ್ನೊಂದಕ್ಕೆ ಅವನ ತಮ್ಮ ಮೂಕಪ್ಪ. ಕೂಸುಗಳಿರುವ ತಾಯಂದಿರು ಮೊದಲು, ಆಮೇಲೆ ಮಕ್ಕಳು, ಆಮೇಲೆ ಉಳಿದವರು, ಹೀಗೆ ಅವ್ವನೇ ಸರದಿ ಹಚ್ಚಿದಳು. ಹುಲಿಗೆಪ್ಪನ ಹೆಂಡತಿ ಕರಿಯವ್ವ ಬಾಣಂತಿ. ತಾನು ಅವ್ವನನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದಾಗ ಅವಳ ಬೆನ್ನಿಗೂ ಒಂದು ಗುದ್ದು ಬಿತ್ತು. ಸೆಳೆವು ಒಂದೊಂದು ಸಲ ಒಂದೊಂದು ಕಡೆಗೆ ಎಳೆಯುತ್ತಿತ್ತು. ಹುಲಿಗೆಪ್ಪನ ಮಂದಿ ಆಚೆ ದಂಡೆಯ ಮೇಲುಗಡೆ ಇಳಿದರೆ, ಮೂಕಪ್ಪನ ಮಂದಿ ಕೂಗಿದರೆ ಕೇಳದಷ್ಟು ದೂರ ಕೆಳಗಡೆ ಇಳಿಯುತ್ತಿದ್ದರು. ಹಗಲೆಲ್ಲ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ಹುಟ್ಟು ಹಾಕಿದರು.

ಕೊನೆಯ ಸಲ ಹುಲಿಗೆಪ್ಪನ ಹರಿಗೋಲು ತುಂಬಿದಾಗ ಅವ್ವ ದಂಡೆಯಲ್ಲೇ ನಿಂತಿದ್ದಳು. ಅವನು ಕೈ ಚಾಚಿದ. “ಇನ್ನೊಂದು ಜೀವ ಹಿಡಿಯೂದಿಲ್ಲೋ ಇದು, ನೀ ಹೋಗು. ಮೂಕಪ್ಪ ಹೊಲದ ಕಡೆ ಹರಿಗೋಲು ಹಚ್ಯಾನ, ಅವನ ಕೂಡ ಬರ್ತೀನಿ,” ಎಂದಳು. ಅವನು ಹೋದ. ಮೂಕಪ್ಪ ಗಡ್ಡೆಯ ಇನ್ನೊಂದು ಮಗ್ಗುಲಲ್ಲಿ, ಹೊಲದಲ್ಲಿ ಸಿಕ್ಕಿಕೊಂಡಿದ್ದ ಕೊನೆಯವರನ್ನು ಹತ್ತಿಸಿಕೊಳ್ಳುತ್ತಿದ್ದ. ಅವ್ವ ಅಲ್ಲಿ ಕಾಣಲಿಲ್ಲ. ಅಣ್ಣನ ಜೊತೆ ಹೋದಳು ಎಂದುಕೊಂಡು ಅವನೂ ಹರಿಗೋಲು ಬಿಟ್ಟ. ಅವಳು ಅವನ ಕಡೆಗೆ ನಡೆದಿರಬೇಕು. ನಡುವಿನ ತಗ್ಗಿನಲ್ಲಿ ಆಗಲೇ ನೀರು ನುಗ್ಗಿತ್ತು, ದಾಟಲಾಗದೆ ಹಿಂದಿರುಗಿ ಬಂಡೆ ಹತ್ತಿರಬೇಕು. ಕೂಗಿರುತ್ತಾಳೆ. ಆ ಭೋರ್ಗರೆತದಲ್ಲಿ ಯಾರಿಗೆ ಕೇಳಬೇಕು? ಇಬ್ಬರಲ್ಲಿ ಯಾರ ತಪ್ಪು ಎಂದು ನಮ್ಮ ಮನೆತನದಲ್ಲಿ ಇಂದಿಗೂ ಯಾರೂ ಕೇಳುವುದಿಲ್ಲ.

ಹುಲಿಗೆಪ್ಪನ ಹರಿಗೋಲು ದಂಡೆ ಮುಟ್ಟುವಾಗ ಮುಳುಗಿದ ಜಾಲಿ ಮರವೊಂದರ ಮೇಲೆ ಹೋಗಿ ತೊಗಲು ಉದ್ದಕ್ಕೆ ಹರಿಯಿತು. ಮಂದಿಯನ್ನು ಎಳೆದು ಹಾಕಿ, ಅಲ್ಲೇ ನಿಂತು ಎಣಿಸಿದ. ಎಣಿಸುತ್ತಲೇ ದಂಡೆಗುಂಟ ಓಡಿದ. ಕೆಳಗೆ ಮೂಕಪ್ಪನ ಮಂದಿ ಇಳಿದಿದ್ದರು; ಅವರನ್ನು, ನೀರಿನಲ್ಲಿ ಹರಿಗೋಲು ಹಿಡಿದು ನಿಂತಿದ್ದ ಮೂಕಪ್ಪನನ್ನು, ತನ್ನನ್ನು, ಎಲ್ಲ ಸೇರಿಸಿದ. ದಿನಾ ಸಂಜೆ ಅವ್ವನ ಬಾಯಲ್ಲಿ ಕೇಳಿದ ಲೆಕ್ಕವೇ ಬಂತು. ಒಂದೂ ಕಡಿಮೆ ಇರಲಿಲ್ಲ. ಅವನು ಎರಡೂ ಕೈ ಎತ್ತಿ, “ಎಲ್ಲಾರೂ ಬಂದಾರೋ!” ಎಂದು ಕೂಗಿ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟ. ಆ ಮಾತು ಕೇಳಿದ ಮೇಲೆ ಅವ್ವ ಎಲ್ಲಿ ಎಂದು ಯಾರು ಕೇಳುತ್ತಾರೆ? ಕೆಳಗಿನವರು ಅವಳು ಮೇಲಿದ್ದಾಳೆ ಎಂದುಕೊಂಡರು, ಮೇಲಿನವರು ಕೆಳಗಿದ್ದಾಳೆ ಎಂದುಕೊಂಡರು. ಅಷ್ಟರಲ್ಲಿ ಹೊಳೆಯ ಕೆಳಗಿನ ಊರಿನವರು ಬಾಯಿ ಬಡಿದುಕೊಳ್ಳುತ್ತ ಓಡಿ ಬಂದರು. ಅವರ ಮಂದಿ ಮರ ಹತ್ತಿ ಕೂತಿದ್ದಾರೆ, ಹರಿಗೋಲು ಇಲ್ಲ. ನಮ್ಮವರೆಲ್ಲ ಬಂದರಲ್ಲ, ಇನ್ನು ಇದರ ಕೆಲಸ ನಮಗೇನು ಎಂದು ಮೂಕಪ್ಪ ಗಟ್ಟಿಯಿದ್ದ ಹರಿಗೋಲನ್ನು ತಗೊಂಡು ಅವರ ಜೊತೆ ಹೊಳೆಯ ಕೆಳಗೆ ಹೋದ. ಒಳ್ಳೆಯ ಕೆಲಸವೇ ಮಾಡಿದ. ಅವನಿಂದ ಅಲ್ಲಿ ಎಷ್ಟೋ ಜೀವ ಉಳಿದವು ಎನ್ನುತ್ತಾರೆ.

ದಂಡೆಯ ಊರಿನವರು ಎಲ್ಲರನ್ನೂ ಹನುಮಂತನ ಗುಡಿಯ ಮುಂದೆ ಸೇರಿಸಿ, ಒಣ ಬಟ್ಟೆ ಕೊಟ್ಟು, ನುಚ್ಚು ಕುದಿಸಿದರು. ಸೂರ್ಯ ಇಳಿಯುತ್ತ ಬಂದ. ಗುಡಿಯ ಪೂಜಾರಿ ದೀಪ ಹಚ್ಚಿದ. ದೀಪ ಕಂಡದ್ದೇ ತಡ, ಯಾರೂ ಹೇಳದೆ, ನಮ್ಮ ಮನೆತನದ ಮಂದಿಯೆಲ್ಲ ಎದ್ದು ಸಾಲಾಗಿ ನಿಂತರು. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಹುಟ್ಟಿದಾಗಿನಿಂದ ನಿಂತ ಸಾಲು ಅದು, ಕಾಲು ತಾವಾಗಿಯೇ ಹೋಗುತ್ತವೆ. ನಿಂತರು. ನಿಂತೇ ಇದ್ದರು. ಎಣಿಸುವ ಬೆರಳು ಮಾತ್ರ ಏಳಲಿಲ್ಲ. ಯಾವುದೋ ಕೂಸು ಅತ್ತು ಸುಮ್ಮನಾಯಿತು. ಆಗ ಕರಿಯವ್ವ ಸಾಲಿನಿಂದ ಹೊರಗೆ ಬಂದು ಎಲ್ಲರ ಮುಖ ನೋಡಿ, “ಅವ್ವ ಎಲ್ಲಿ?” ಎಂದಳು.

ಹುಲಿಗೆಪ್ಪನ ಬಾಯಿಂದ, “ಎಣಿಕಿ ಸರಿ ಬಂದಿತ್ತು,” ಎಂಬ ಮಾತು ಬಂತು. ಅದನ್ನೇ ಇನ್ನೊಮ್ಮೆ ಹೇಳಿದ. ಹೇಳುತ್ತಿರುವಂತೆಯೇ ಅವನಿಗೆ ತಿಳಿಯಿತು. ಎಲ್ಲರೂ ದಂಡೆಗೆ ಓಡಿದರು. ಗಡ್ಡೆಯೆಲ್ಲ ಮುಳುಗಿತ್ತು; ಮನೆಗಳ ಮಾಳಿಗೆ ಮುಳುಗಿತ್ತು; ಜಾಲಿ ಮರಗಳ ತಲೆ ಮಾತ್ರ ನೀರಿನ ಮೇಲೆ ಅಲ್ಲಾಡುತ್ತಿದ್ದವು. ಪಡುವಣ ತುದಿಯಲ್ಲಿ ಬಂಡೆಯ ನೆತ್ತಿ ಇನ್ನೂ ಕಾಣುತ್ತಿತ್ತು. ಅದರ ಮೇಲೆ ಒಂದು ಆಳು ನಿಂತಿತ್ತು. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ. ಬಾಗಿದ ಬೆನ್ನು ಕಂಡರೆ ಸಾಕಾಗಿತ್ತು.

ಅಯ್ಯೋ, ಆ ಹೊತ್ತನ್ನು ನಾನು ಹೇಗೆ ಹೇಳಲಿ! ಹುಲಿಗೆಪ್ಪ ಹರಿದ ಹರಿಗೋಲನ್ನು ಎಳೆದು ತಂದ. ಕರಿಯವ್ವ ಉಟ್ಟ ಸೀರೆಯ ಅರ್ಧ ಹರಿದು ತೊಗಲಿನ ಸೀಳಿಗೆ ತುರುಕಿದಳು, ಉಳಿದ ಹೆಂಗಸರು ಸೆರಗು ಹರಿದು ಕೊಟ್ಟರು. ಅವನು ನೀರಿಗೆ ಬಿಟ್ಟ. ಹರಿಗೋಲು ಬುಗುರಿಯಂತೆ ತಿರುಗಿ, ತುಂಬಿ, ಅವನನ್ನು ದಂಡೆಗೇ ಒಗೆಯಿತು. ಮತ್ತೆ ತುರುಕಿದರು, ಮತ್ತೆ ಬಿಟ್ಟ. ಈ ಸಲ ಹುಟ್ಟುಗೋಲು ಮುರಿಯಿತು, ಹರಿಗೋಲು ಅವನ ಕೈ ತಪ್ಪಿ ಕೆಳಗೆ ಹೋಯಿತು. ಮೂಕಪ್ಪನನ್ನು ಕರೆತರಲು ಓಡಿದವರು ಅವನ ದಾರಿಯನ್ನೂ ಕಾಣದೆ ತಿರುಗಿ ಬಂದರು. ಹುಲಿಗೆಪ್ಪ ಈಜಿ ಹೋಗುತ್ತೇನೆ ಎಂದು ನೀರಿಗೆ ಬಿದ್ದ. ಅವನನ್ನು ಎಳೆದು ತರಬೇಕಾಯಿತು, ಮತ್ತೆ ಬಿದ್ದ. “ಬಿಡ್ರೋ ನನ್ನ, ನಾನ ಎಣಿಸಿದವ, ನಾನ ಬಿಟ್ಟು ಬಂದವ!” ಎಂದು ಮಣ್ಣಿನಲ್ಲಿ ಹೊರಳಿದ. ಮಕ್ಕಳೆಲ್ಲ ದಂಡೆಗುಂಟ ಅತ್ತಿಂದಿತ್ತ ಓಡುತ್ತ ಅವ್ವಾ ಅವ್ವಾ ಎಂದು ಕೂಗುತ್ತಿದ್ದರು. ಒಂದು ಕೂಗೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಮೊದಲು ಗಮನಿಸಿದವಳು ಕರಿಯವ್ವ. ಬಂಡೆಯ ಮೇಲಿನ ಆಳು ಒಂದು ಕೈ ಎತ್ತಿತ್ತು. ಕರೆಯುತ್ತಾಳೆ ಎಂದು ಎಲ್ಲರ ಎದೆ ಒಡೆಯಿತು. ಆದರೆ ಆ ಕೈ ಕರೆಯುತ್ತಿರಲಿಲ್ಲ. ಚಾಚಿದ ಕೈ ಸ್ವಲ್ಪ ಸ್ವಲ್ಪವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಿತ್ತು, ನಡುವೆ ನಿಲ್ಲುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹೊತ್ತು ಮುಳುಗುವ ಮೊದಲು ಅವಳು ದಿನಾ ಮಾಡುವ ಕೆಲಸ ಅದು. “ಎಣಸಾಕತ್ತಾಳ!” ಎಂದು ಕರಿಯವ್ವ ಚೀರಿದಳು. “ನೀವು ಹಿಂಗ ಓಡ್ಯಾಡಿದ್ರ ಆಕಿಗೆ ಎಣಿಕಿ ಹತ್ತೂದಿಲ್ರೀ! ಸಾಲಾಗಿ ನಿಲ್ರಿ!”

ಅಳುತ್ತಲೇ ಎಲ್ಲರೂ ನೀರಿನ ಅಂಚಿನಲ್ಲಿ ಬಂದು ನಿಂತರು. ಒಬ್ಬರಿಗೊಬ್ಬರು ಅಡ್ಡ ಬಾರದಂತೆ ತೋಳು ದೂರದಲ್ಲಿ ನಿಂತರು. ಸಣ್ಣವರನ್ನು ಹೆಗಲ ಮೇಲೆ ಎತ್ತಿದರು. ಹುಲಿಗೆಪ್ಪ ಮಾತ್ರ ಇನ್ನೂ ನೀರಿನ ಕಡೆಗೇ ತೆವಳುತ್ತಿದ್ದ. ಕರಿಯವ್ವ ಅವನ ಜುಟ್ಟು ಹಿಡಿದು ಎಬ್ಬಿಸಿದಳು. “ನೀ ಒಬ್ಬ ಕಮ್ಮಿ ಬಿದ್ರ ಆಕಿ ಕುಂದ್ರೂದಿಲ್ಲ. ನಿಮ್ಮಪ್ಪ ಬರದ ಸಂಜಿ ಹೆಂಗ ನಿಂತಿದ್ಲಂತ ನಿನಗ ಗೊತ್ತಿಲ್ಲೇನು? ನಿಲ್ಲು!” ಎಂದಳು. ಹೋಗಿ ಸಾಯುವುದು ಅವನಿಗೆ ಸುಲಭವಿತ್ತು. ನಿಂತು ನೋಡುವುದು ಕಷ್ಟವಿತ್ತು. ಅವನು ನಿಂತ.

ಬಂಡೆಯ ಮೇಲಿನ ಕೈ ಸಾಲಿನ ತುದಿಯವರೆಗೆ ಬಂತು. ಅಲ್ಲಿ ನಿಂತಿತು. ಮತ್ತೆ ಮೊದಲಿಗೆ ಹೋಯಿತು, ಮತ್ತೆ ಬಂತು, ಮತ್ತೆ ನಿಂತಿತು. ಮೂಕಪ್ಪ ಇರಲಿಲ್ಲವಲ್ಲ! ಎಣಿಕೆ ಒಂದು ಕಡಿಮೆ ಬರುತ್ತಿತ್ತು. ಅವ್ವನ ಪಾದದ ಸುತ್ತ ನೀರು ಏರುತ್ತಿದೆ, ಸೂರ್ಯ ಹೋಗುತ್ತಿದ್ದಾನೆ, ಅವಳು ಮಾತ್ರ ಬಾರದ ಒಬ್ಬನನ್ನು ಹುಡುಕುತ್ತ ಅದೇ ಸಾಲನ್ನು ಮತ್ತೆ ಮತ್ತೆ ಎಣಿಸುತ್ತಿದ್ದಾಳೆ. ಕರಿಯವ್ವ ಸುತ್ತ ನೋಡಿದಳು. ದಂಡೆಯ ಊರಿನ ಮೈಲಾರಿ ಎಂಬ ಕುರಿಗಾರ ಕಂಬಳಿ ಹೊದ್ದು ಹಿಂದೆ ನಿಂತಿದ್ದ. ಅವನ ಕಾಲು ಹಿಡಿದು, “ಯಪ್ಪಾ, ನಮ್ಮ ಮೂಕಪ್ಪ ಆಗಿ ಒಂದೀಟು ನಿಲ್ಲು. ನಮ್ಮವ್ವ ಕುಂದರಲಿ,” ಎಂದಳು. ಮೈಲಾರಿ ಕಂಬಳಿ ಕಳಚಿ ಬಿಸಾಕಿ, ಹುಲಿಗೆಪ್ಪನ ಪಕ್ಕದಲ್ಲಿ ಹೋಗಿ ನಿಂತ. ಗುರುತಿಲ್ಲದ ಮುದುಕಿಯ ಎದುರು ಅವನೂ ಅಳುತ್ತಿದ್ದ ಎನ್ನುತ್ತಾರೆ.

ಕೈ ಮತ್ತೆ ಮೊದಲಿನಿಂದ ಬಂತು. ನಿಧಾನವಾಗಿ ಬಂತು. ಸಾಲಿನ ತುದಿ ಮುಟ್ಟಿತು, ಇಳಿಯಿತು. ಈ ಸಲ ಅದು ಮತ್ತೆ ಏಳಲಿಲ್ಲ. ಬಂಡೆಯ ಮೇಲಿನ ಆಳು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ, ಸಂಜೆಯ ಎಣಿಕೆ ಮುಗಿಸಿ ಕಟ್ಟೆಯ ಮೇಲೆ ಕೂರುವಂತೆ, ಮೊಣಕಾಲಿಗೆ ಕೈ ಕೊಟ್ಟು ಮೆಲ್ಲಗೆ ಕೂತುಕೊಂಡಿತು. ದಂಡೆಯ ಮೇಲೆ ಯಾರೂ ಅಲುಗಲಿಲ್ಲ. ಕತ್ತಲಾಗಿ ಏನೂ ಕಾಣದಾದ ಮೇಲೂ ಸಾಲು ಮುರಿಯಲಿಲ್ಲ. ಆ ರಾತ್ರಿಯ ಮಾತನ್ನು ನಮ್ಮ ಅತ್ತೆ ಹೇಳುತ್ತಿರಲಿಲ್ಲ, ನಾನೂ ಹೇಳುವುದಿಲ್ಲ. ಬೆಳಗಾದಾಗ ಬಂಡೆ ಇದ್ದ ಕಡೆ ನೀರು ಹರಿಯುತ್ತಿತ್ತು.

ಅವ್ವನಿಗೆ ಮೈಲಾರಿಯ ಗುಟ್ಟು ಗೊತ್ತಾಯಿತು, ಮಂದಿ ಗೋಳಾಡುವುದನ್ನು ನೋಡಲಾರದೆ ಸುಮ್ಮನೆ ಕೂತಳು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವಳನ್ನು ಅಷ್ಟು ದೊಡ್ಡವಳನ್ನಾಗಿ ಮಾಡುವುದು ಬೇಡ. ಬದುಕಬೇಕು ಎಂದು ಆಸೆಪಟ್ಟವಳು, ಆ ಬಂಡೆಯ ಮೇಲೆ ಹೆದರಿದ್ದಳು, ಯಾರಾದರೂ ಬರುತ್ತಾರೆ ಎಂದು ಕಾದಿದ್ದಳು. ತನ್ನವರೆಲ್ಲ ದಂಡೆ ಸೇರಿದ್ದಾರೆ ಎಂಬ ಒಂದು ಸಮಾಧಾನ ಕೊನೆಗೆ ಸಿಕ್ಕಿತು, ಅದೂ ಸಾಲದ ಮೇಲೆ ತಂದ ಒಬ್ಬ ಮನುಷ್ಯನಿಂದ. ಮೂಕಪ್ಪ ಮರುದಿನ ಬಂದ, ಸುಖವಾಗಿಯೇ ಬಂದ. ಅವನಿಗೆ ಅದನ್ನು ಹೇಗೆ ಹೇಳಿದರೋ ನನಗೆ ತಿಳಿಯದು. ಇಂದಿಗೂ ನಮ್ಮ ಮನೆಯ ಮದುವೆಗಳಲ್ಲಿ ಮೈಲಾರಿಯ ವಂಶದವರಿಗೆ ಅಣ್ಣತಮ್ಮಂದಿರ ಸಾಲಿನಲ್ಲೇ ಎಲೆ ಹಾಕುತ್ತೇವೆ.

ನೀರು ಇಳಿದ ಮೇಲೆ ಗಡ್ಡೆಗೆ ಮರಳಿದವರಿಗೆ ಬಂಡೆಯ ಮೇಲೆ ಏನೂ ಸಿಗಲಿಲ್ಲ. ಹೊಳೆ ಅದನ್ನು ತಿಕ್ಕಿ ತೊಳೆದಿತ್ತು. ಹುಲಿಗೆಪ್ಪ ಮತ್ತೆ ಹರಿಗೋಲು ಕಟ್ಟಿದ, ಮಂದಿಯನ್ನು ದಾಟಿಸಿದ, ಮುದುಕನಾಗಿ ಸತ್ತ. ಆದರೆ ಅಂದಿನಿಂದ ಅವನ ಬಾಯಿಗೆ ‘ಒಂದು’ ಎಂಬ ಮಾತು ಬರಲಿಲ್ಲ. ಏನು ಎಣಿಸಿದರೂ, ಮೊದಲು “ಅವ್ವ” ಎನ್ನುವನು. ಆಮೇಲೆ ಎರಡು, ಮೂರು. ನೋಡನೋಡುತ್ತ ಇಡೀ ಗಡ್ಡೆಯೇ ಹಾಗೆ ಎಣಿಸತೊಡಗಿತು. ಜೋಳ ಅಳೆಯುವಾಗ ಮೊದಲ ಸೇರು ಅವ್ವ, ಅದರಲ್ಲಿ ಒಂದು ಹಿಡಿ ಬಂಡೆಯ ಕುಳಿಗೆ. ರೊಟ್ಟಿ ಬಡಿಯುವಾಗ ಮೊದಲ ರೊಟ್ಟಿ ಅವ್ವ. ನನ್ನ ಅಂಗನವಾಡಿಗೆ ಮೇಲಿನ ಕಚೇರಿಯ ಹೆಣ್ಣುಮಗಳೊಬ್ಬಳು ತಪಾಸಣೆಗೆ ಬಂದಾಗ ಮಕ್ಕಳು ಒಕ್ಕೊರಲಿನಿಂದ “ಅವ್ವ, ಎರಡು, ಮೂರು, ನಾಕು” ಎಂದು ಕೂಗಿದರು. ಆ ಹೆಣ್ಣುಮಗಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು, ಎಣಿಸಲೂ ಕಲಿಸಿಲ್ಲವಲ್ಲ ಎಂದು ಬೈದಳು. ನಾನು ಅವಳನ್ನು ಬಂಡೆಯ ಹತ್ತಿರ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಿದೆ. ಹೋಗುವಾಗ ಅವಳೂ ಕುಳಿಗೆ ಹಿಡಿ ಜೋಳ ಹಾಕಿದಳು.

ಹಿರಿಯರನ್ನು ಎಣಿಸಬಾರದು ಎಂಬ ಕಟ್ಟಳೆ ನಮ್ಮ ಮನೆಯಲ್ಲಿ ಅಂದೇ ಸತ್ತಿತು. ಈಗ ನಾನೇ ಹಿರಿಯಳು. ಸಂಜೆ ದೀಪ ಹಚ್ಚಿದಾಗ ನನ್ನನ್ನೂ ಸಾಲಿನಲ್ಲಿ ನಿಲ್ಲಿಸಿ, ಸೊಸೆ ಎಣಿಸುತ್ತಾಳೆ. ಎಂದಾದರೂ ಮರೆತರೆ ಬೆನ್ನಿಗೆ ಗುದ್ದುತ್ತೇನೆ.

ನೀವು ಸಂಕನಗಡ್ಡಿಗೆ ಬಂದರೆ ನೋಡುವಿರಿ. ಈಗಿನ ಹರಿಗೋಲಿಗೆ ತೊಗಲಿಲ್ಲ, ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಹೊಲಿದಿರುತ್ತಾರೆ. ನಡೆಸುವವನು ನನ್ನ ಮೊಮ್ಮಗ. ಎಷ್ಟೇ ಜನ ಇರಲಿ, ತನ್ನ ಎದುರಿನ ಒಂದು ಜಾಗಕ್ಕೆ ಯಾರನ್ನೂ ಕೂರಿಸುವುದಿಲ್ಲ. ಹೊರಡುವ ಮುನ್ನ ಆ ಖಾಲಿ ಜಾಗಕ್ಕೆ ಬೆರಳು ತೋರಿಸಿ “ಅವ್ವ” ಎನ್ನುತ್ತಾನೆ, ಆಮೇಲೆ ನಿಮ್ಮನ್ನು ಎರಡು, ಮೂರು ಎಂದು ಎಣಿಸುತ್ತಾನೆ. ಲೆಕ್ಕ ಒಂದು ಹೆಚ್ಚು ಬಂತಲ್ಲ ಎಂದು ತಿಳಿದವರು ತಿದ್ದಲು ಹೋಗುತ್ತಾರೆ. ಅವನು ಕೇಳಿಸಿಕೊಳ್ಳದವನಂತೆ ಹುಟ್ಟು ಹಾಕುತ್ತಾನೆ. ಶ್ರಾವಣದಲ್ಲಿ ಬಂದರೆ ಇನ್ನೊಂದನ್ನೂ ಕಾಣಬಹುದು. ಹೊತ್ತು ಮುಳುಗುವ ಮೊದಲು ನಮ್ಮ ಮನೆತನದವರೆಲ್ಲ ಆಚೆ ದಂಡೆಯ ಅದೇ ನೀರಿನ ಅಂಚಿನಲ್ಲಿ, ತೋಳು ದೂರದಲ್ಲಿ, ಬಂಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಕೂಸುಗಳನ್ನು ಹೆಗಲ ಮೇಲೆ ಎತ್ತಿಕೊಂಡು. ಒಬ್ಬರು ನಿಲ್ಲುವಷ್ಟು ಜಾಗ ಸಾಲಿನ ಮೊದಲಲ್ಲಿ ಬಿಟ್ಟಿರುತ್ತೇವೆ. ಅಲ್ಲಿಂದಲೇ ಎಣಿಸುತ್ತೇವೆ. ಎಣಿಕೆ ಮುಗಿದ ಮೇಲೆ ಎಲ್ಲರೂ ಸೇರಿ ಬಂಡೆಗೆ ಕೇಳುವಂತೆ ಕೂಗುತ್ತೇವೆ: “ಎಲ್ಲಾರೂ ಬಂದೀವಿ ಯವ್ವಾ, ನಿನ್ನೂ ಹಿಡಿದು.”